ಗಾದಿ ಬೀದಿಯ ಉಸಿರು ಅಳೆದ ಸೊಸೆ

ಬೆಳಕು ಹರಿಯುವ ಹೊತ್ತಿಗೆ ಆ ಬೀದಿಯಲ್ಲಿ ಮೊದಲು ಕೇಳುವುದು ದಾರ ಕತ್ತರಿಸುವ ಸದ್ದು. ಮೂಲೆಯಂಗಡಿಯ ಸೊಸೆ ನೆಲದ ಮೇಲೆ ಕಾಲು ಚಾಚಿ ಕೂತು, ಯಾರದೋ ಮನೆಯಿಂದ ಬಂದ ಹಳೆಯ ಗಾದಿಯ ಹೊಟ್ಟೆ ಬಿಚ್ಚುತ್ತಿದ್ದಾಳೆ. ವರ್ಷಗಟ್ಟಲೆ ಮೈಭಾರ ಹೊತ್ತು ಕಲ್ಲಿನ ಹಾಗಾದ ಹತ್ತಿ. ಅದನ್ನು ಮೊದಲು ಕೈಯಲ್ಲಿ ಬಿಡಿಸಬೇಕು, ಆಮೇಲೆ ಯಂತ್ರಕ್ಕೆ ಹಾಕಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ಒಳಕೋಣೆಯಲ್ಲಿ ಗಂಡ ಹತ್ತಿ ಹಿಂಜುವ ಯಂತ್ರ ಶುರು ಮಾಡಿದ ಮೇಲೆ ಮಾತಿಗೆ ಜಾಗವಿಲ್ಲ. ಏನಿದ್ದರೂ ಕೈಸನ್ನೆ, ಕಣ್ಸನ್ನೆ. ಬಲ್ಬಿನ ಬೆಳಕಿನಲ್ಲಿ ಸಣ್ಣ ಧೂಳು ಇಳಿಯುವುದೂ ಇಲ್ಲ, ಏರುವುದೂ ಇಲ್ಲ, ಸುಮ್ಮನೆ ನಿಂತಿರುತ್ತದೆ.

ಬಟ್ಟೆಯ ಥಾನುಗಳ ಪಕ್ಕದ ಹಲಗೆಯ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿಯಾಗಿ ಸುತ್ತಿಟ್ಟ ಒಂದು ಲ್ಯಾಪ್‌ಟಾಪ್ ಇದೆ. ಅಕ್ಕಪಕ್ಕದ ಅಂಗಡಿಯವರು ಬಾಗಿಲೆತ್ತುವ ಹೊತ್ತಿಗೆ ಈಕೆ ಕೈಕಾಲು ತೊಳೆದು, ತಲೆ ಬಾಚಿ, ಆ ಚೀಲ ಬಗಲಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಾಳೆ. ಊರಾಚೆಯ ವಿಶ್ವವಿದ್ಯಾಲಯದಲ್ಲಿ ಸೋಶಿಯಲ್ ಎಪಿಡೆಮಿಯಾಲಜಿ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ದಿನಗಳು ನಡೆಯುತ್ತಿವೆ. ವಯಸ್ಸು ನಲವತ್ತರ ಹತ್ತಿರ. ಮಗಳು ಹೈಸ್ಕೂಲಿನಲ್ಲಿದ್ದಾಳೆ.

“ಎಷ್ಟು ಬಾಚಿದ್ರೂ ತಲೇಲಿ ಅರಳೆ ಉಳಿದೇ ಇರುತ್ತೆ. ಬಸ್ಸಲ್ಲಿ ಪಕ್ಕದಲ್ಲಿ ಕೂತವರು ಹೆಕ್ಕಿ ಕೈಗೆ ಕೊಡ್ತಾರೆ, ನನ್ನ ವಸ್ತು ಏನೋ ಬಿದ್ದುಹೋಯ್ತು ಅನ್ನೋ ಹಾಗೆ. ನಾನೂ ಥ್ಯಾಂಕ್ಸ್ ಹೇಳಿ ಇಸ್ಕೊಳ್ತೀನಿ,” ಎನ್ನುತ್ತಾಳೆ.

ಅವಳು ಓದುವ ವಿಷಯದ ಹೆಸರು ಬೀದಿಯವರ ನಾಲಿಗೆಗೆ ಹೊರಳುವುದಿಲ್ಲ. ರೋಗಕ್ಕೆ ಸಂಬಂಧಿಸಿದ ಓದು ಎಂದು ಗೊತ್ತಾದಾಗ ಮೊದಮೊದಲು ಎಲ್ಲರೂ ಮಂಡಿನೋವು, ಹೊಟ್ಟೆಯುರಿ ಹೊತ್ತುಕೊಂಡು ಬಂದರು. ಮಾತ್ರೆ ಕೊಡುವ ಓದಲ್ಲ ಇದು ಎಂದು ಆಕೆ ಹೇಳಿ ಹೇಳಿ ಸೋತಳು. ಕೊನೆಗೆ ಬೀದಿಯೇ ಅವಳಿಗೊಂದು ಹೆಸರಿಟ್ಟಿತು: ಔಷಧಿ ಕೊಡದ ಡಾಕ್ಟ್ರಮ್ಮ. ಪಕ್ಕದಂಗಡಿಯ ದೊಡ್ಡಪ್ಪ ಈಗಲೂ ಹಾಗೇ ಕರೆಯುವುದು. ಅವನು ಸ್ವಂತ ದೊಡ್ಡಪ್ಪನಲ್ಲ, ಮಾವನ ಗೆಳೆಯ. ಬೀದಿಯಲ್ಲಿ ಅತಿ ಉದ್ದದ ದಬ್ಬಳ ಅವನದೇ, ಅತಿ ಉದ್ದದ ನಾಲಿಗೆಯೂ.

ಒಂದು ದಿನ ಆ ದೊಡ್ಡಪ್ಪನೇ, ಹಾಗಾದರೆ ಅಲ್ಲಿ ಕಲಿಸುವುದಾದರೂ ಏನು ಎಂದು ಪಟ್ಟು ಹಿಡಿದ. ಸೊಸೆ ಹೊಲಿಯುತ್ತಿದ್ದ ಗಾದಿಯ ಮೇಲೆ ಕೈಯಿಟ್ಟು ಹೇಳಿದಳು: “ಒಬ್ಬರು ಬಂದು ಬೆನ್ನು ನೋವು ಅಂದ್ರೆ ಅವರ ಬೆನ್ನು ನೋಡ್ಬೇಕು ದೊಡ್ಡಪ್ಪ. ಒಂದೇ ಮನೆಯ ಎಲ್ಲರೂ ಬಂದು ಬೆನ್ನು ನೋವು ಅಂದ್ರೆ ಅವರ ಹಾಸಿಗೆ ಬಿಚ್ಚಿ ನೋಡ್ಬೇಕು. ನಾನು ಕಲೀತಿರೋದು ಹಾಸಿಗೆ ಬಿಚ್ಚೋದು.” ದೊಡ್ಡಪ್ಪ ದಬ್ಬಳಕ್ಕೆ ದಾರ ಪೋಣಿಸುತ್ತಾ, ಅದನ್ನು ಇಲ್ಲೇ ಕಲಿಸುತ್ತಿದ್ದೆವಲ್ಲ, ಬಸ್ ಚಾರ್ಜು ಉಳಿಯುತ್ತಿತ್ತು ಎಂದನಂತೆ.

ಈ ಓದಿನ ಬೀಜ ಬಿದ್ದದ್ದು ಮಾವನ ಕೊನೆಯ ಚಳಿಗಾಲದಲ್ಲಿ. ಆ ಮನುಷ್ಯ ಹದಿಹರೆಯದಿಂದ ಯಂತ್ರದ ಮುಂದೆ ನಿಂತವನು. ಮೆಟ್ಟಿಲು ಹತ್ತಲಾಗದೆ, ಮಲಗಲಾಗದೆ, ತಾನೇ ತುಂಬಿಸಿದ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಒರಗಿ ಕೂತು ದಿನ ದೂಡುತ್ತಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಸೊಸೆಯೇ. ಸಿಗರೇಟು ಎಷ್ಟು ಸೇದುತ್ತೀರಿ ಎಂದು ವೈದ್ಯರು ಕೇಳಿದರು. ಮುಟ್ಟಿಯೇ ಇಲ್ಲ ಎಂದ ಮಾವ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ವೈದ್ಯರು ನಕ್ಕು ಚೀಟಿ ಬರೆದರು. ಅವರದ್ದು ಕೆಟ್ಟ ನಗುವಲ್ಲ. ಹೊರಗೆ ರೋಗಿಗಳ ಸಾಲು ಬಾಗಿಲು ದಾಟಿತ್ತು, ಪಾಪ. ಆದರೆ ಸುಳ್ಳೇ ಆಡದ ಮನುಷ್ಯ ಕೊನೆಗಾಲದಲ್ಲಿ ಸುಳ್ಳುಗಾರನ ಹಾಗೆ ತಲೆ ತಗ್ಗಿಸಿ ಹೊರಗೆ ಬಂದದ್ದು ಸೊಸೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮನೆಗೆ ಬರುವಾಗ ಬೀದಿಯುದ್ದಕ್ಕೂ ನೋಡಿದಳು. ಎಷ್ಟೋ ಅಂಗಡಿಗಳಲ್ಲಿ ಇದ್ದದ್ದು ಅಜ್ಜಿಯರು, ಅಜ್ಜಂದಿರೇ ಇಲ್ಲ. ಅವರೆಲ್ಲ ಎಲ್ಲಿ ಹೋದರು ಎಂದು ಯಾರೂ ಕೇಳಿರಲಿಲ್ಲ. ಒಬ್ಬೊಬ್ಬರಾಗಿ ಹೋದದ್ದಕ್ಕೆ ಒಂದೊಂದು ಕಾರಣ ಹೇಳಿಕೊಂಡು ಸುಮ್ಮನಾಗಿದ್ದರು.

ಮಾವ ತೀರಿಕೊಂಡ ಮೇಲೆ, ಮನೆಮನೆಗೆ ಬರುವ ಆರೋಗ್ಯ ಕೇಂದ್ರದ ನರ್ಸ್ ಜೊತೆ ಮಾತಾಡುತ್ತಾ ಸೊಸೆ ಈ ಮಾತು ತೆಗೆದಳು. ನೀವು ಕೇಳುತ್ತಿರುವುದನ್ನೇ ಓದಿಸುವ ಕೋರ್ಸ್ ಇದೆ, ಮದುವೆಗೆ ಮುಂಚೆ ವಿಜ್ಞಾನ ಓದಿದವರಲ್ಲವೇ ನೀವು ಎಂದರು ನರ್ಸ್. ಸೊಸೆ ನಕ್ಕು ಬಿಟ್ಟುಬಿಟ್ಟಳು. ಒಳಗೆ ಪಾತ್ರೆ ಒರೆಸುತ್ತಿದ್ದ ಅತ್ತೆ ಬಿಡಲಿಲ್ಲ.

ಅತ್ತೆಯ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಗಿಡ್ಡ ಹೆಂಗಸು, ದೊಡ್ಡ ದನಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವರಿಗೆ ಎಂಥ ಗಾದಿ ಬೇಕೆಂದು ತಾನೇ ಹೇಳಿಬಿಡುವವಳು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಆಡಿದ ಮಾತನ್ನು ಸೊಸೆ ಇವತ್ತಿಗೂ ಅಕ್ಷರ ತಪ್ಪದೆ ಹೇಳುತ್ತಾಳೆ: “ಇಷ್ಟು ವರ್ಷ ನನ್ನ ಅಂಗಡಿಗೆ ಹೊಲ್ದಿದ್ದೀಯ. ಇನ್ನೆರಡು ವರ್ಷ ನಿನ್ನ ಪಾಲಿಂದು ನಾನು ಹೊಲೀತೀನಿ. ನಿಮ್ಮಾವ ಸೇದ್ತಿರಲಿಲ್ಲ ಅಂತ ಒಂದು ಕಾಗದದ ಮೇಲಾದ್ರೂ ಬರ್ಲಿ.”

ಓದು ಹೂವಿನ ಹಾಸಿಗೆಯಾಗಿರಲಿಲ್ಲ. ತರಗತಿಯಲ್ಲಿ ಎಲ್ಲರೂ ಮಗಳಿಗೆ ಅಕ್ಕನಾಗುವ ವಯಸ್ಸಿನವರು. ಮೊದಲ ತಿಂಗಳು ಅಂಕಿಅಂಶದ ಪಾಠ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಬಡವರಿಗೆ ರೋಗ ಹೆಚ್ಚು ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಇಷ್ಟು ಲೆಕ್ಕ ಯಾಕೆ ಎಂದು ಬಸ್ಸಿನಲ್ಲಿ ಕೂತು ಸಿಟ್ಟಾಗುತ್ತಿದ್ದಳು. ಪಕ್ಕದ ಬೆಂಚಿನ ಉದ್ದನೆಯ ಹುಡುಗಿಯೊಬ್ಬಳು, ತರಗತಿ ಮುಗಿದ ಮೇಲೆ ಕೂತು, ಒಂದೇ ಲೆಕ್ಕವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿಕೊಟ್ಟಳು. ಆ ಹುಡುಗಿಯ ಹಾಸ್ಟೆಲ್ಲಿಗೆ ಹೊಸ ದಿಂಬೊಂದು ಹೋಯಿತು. ಗೆಳೆತನ ಕುದುರಿತು.

ಮಧ್ಯೆ ಮಗಳಿಗೆ ಕಾಮಾಲೆಯಾಗಿ ಒಂದು ಸೆಮಿಸ್ಟರ್ ಪೂರ್ತಿ ಕೈತಪ್ಪಿತು. ಪ್ರಬಂಧ ಒಪ್ಪಿಸಲು ಸೊಸೆ ಗಡುವು ಮುಂದೂಡಿಸಿಕೊಂಡಳು. ಅಂಥ ರಿಯಾಯಿತಿ ಒಬ್ಬರಿಗೆ ಒಂದೇ ಸಲ ಎಂಬುದು ಅಲ್ಲಿಯ ನಿಯಮ.

ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ತನ್ನ ಬೀದಿಯ ಕೆಮ್ಮು. ಗಾದಿ ಮಾಡುವವರ ಮನೆಗಳಲ್ಲೂ, ಹಿಂದಿನ ಬೀದಿಯ ಪಾತ್ರೆ ಅಂಗಡಿಯವರ ಮನೆಗಳಲ್ಲೂ ಒಂದೇ ಪ್ರಶ್ನೆಗಳನ್ನು ಕೇಳಿ ಹೋಲಿಸುವುದು. ಬೆಳಗ್ಗೆ ಎದ್ದ ಕೂಡಲೇ ಕೆಮ್ಮು ಬರುತ್ತದೆಯೇ? ಮೆಟ್ಟಿಲು ಹತ್ತುವಾಗ ನಿಲ್ಲಬೇಕಾಗುತ್ತದೆಯೇ? ರಜೆಯ ಮಾರನೆಯ ದಿನ ಎದೆ ಬಿಗಿಯುತ್ತದೆಯೇ? ಹತ್ತಿಯ ಧೂಳು ಹಿಡಿದ ಎದೆಯ ಗುರುತು ಈ ಕೊನೆಯದು. ಸ್ವಂತ ಬೀದಿ, ಎಲ್ಲರೂ ನಮ್ಮವರೇ, ಬಾಗಿಲು ತಟ್ಟುವ ಕಷ್ಟವೂ ಇಲ್ಲ ಎಂದುಕೊಂಡಳು. ನಿಜಕ್ಕೂ ಎಲ್ಲರೂ ಕರೆದು ಕೂರಿಸಿದರು, ಚಹಾ ಕೊಟ್ಟರು, ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳಿದರು.

ಒಂದು ಮುಂಜಾನೆ ಆ ಉತ್ತರಗಳನ್ನು ಲ್ಯಾಪ್‌ಟಾಪಿಗೆ ಏರಿಸುತ್ತಾ ಕೂತಿದ್ದಾಳೆ. ಕೆಮ್ಮು: ಇಲ್ಲ. ಉಸಿರುಕಟ್ಟು: ಇಲ್ಲ. ಮುಂದಿನ ಮನೆ: ಇಲ್ಲ. ಅದರ ಮುಂದಿನದು: ಇಲ್ಲವೇ ಇಲ್ಲ. ಪಾತ್ರೆ ಅಂಗಡಿಯವರಲ್ಲಾದರೂ ಅಲ್ಲೊಂದು ಇಲ್ಲೊಂದು ಕೆಮ್ಮು ಇದೆ, ಗಾದಿ ಬೀದಿಯಲ್ಲಿ ಹುಡುಕಿದರೂ ಒಂದಿಲ್ಲ. ಅವಳು ಪಕ್ಕದ ಮನೆಯ ದೊಡ್ಡಪ್ಪನ ಹೆಸರಿನ ಬದಲಿಗೆ ಹಾಕಿದ್ದ ಸಂಖ್ಯೆಯ ಮುಂದೆ ‘ಇಲ್ಲ’ ಎಂದು ಒತ್ತುವುದಕ್ಕೂ, ಗೋಡೆಯಾಚೆ ದೊಡ್ಡಪ್ಪ ಕೆಮ್ಮತೊಡಗುವುದಕ್ಕೂ ಸರಿಹೋಯಿತು. ಅದು ಕಿಟಕಿ ಅದುರುವಂಥ ಕೆಮ್ಮು. ಅದು ನಿಲ್ಲುವ ಮೊದಲೇ ಎದುರು ಮನೆಯಿಂದ ಇನ್ನೊಂದು ಶುರುವಾಯಿತು. ದಿನಾ ಕೇಳಿ ಕೇಳಿ ಕಿವಿಗೆ ಬೀಳದೆ ಹೋಗಿದ್ದ ಸದ್ದು ಆ ಮುಂಜಾನೆ ಬಿತ್ತು.

ಅವಳು ಚಪ್ಪಲಿಯನ್ನೂ ಹಾಕದೆ ಪಕ್ಕದ ಮನೆಗೆ ಹೋದಳು. ಕೆಮ್ಮಿಲ್ಲ ಅಂದಿರಲ್ಲ ಎಂದು ಕೇಳಿದರೆ, ಇದು ಕೆಮ್ಮಲ್ಲ, ಗಂಟಲು ಸರಿಮಾಡಿಕೊಂಡದ್ದು ಎಂದ ದೊಡ್ಡಪ್ಪ. ಸೊಸೆ ಕದಲಲಿಲ್ಲ. ಅವನು ಅತ್ತ ಇತ್ತ ನೋಡಿ ದನಿ ತಗ್ಗಿಸಿದ: “ನಿಮ್ಮತ್ತೆ ಹೇಳಿದ್ದಳಮ್ಮ. ಹುಡುಗಿಗೆ ಪರೀಕ್ಷೆ, ನೀವು ಚೆನ್ನಾಗಿದ್ರೆ ಅವಳಿಗೆ ಮಾರ್ಕು, ಕೆಮ್ಮಿದ್ರೆ ಮಾರ್ಕು ಕಡಿತ ಅಂತ. ನೀನು ನಮ್ಮನೇಲಿ ಕೂತಿದ್ದಾಗ ಕೆಮ್ಮು ತಡೆದು ತಡೆದು ಕಣ್ಣಲ್ಲಿ ನೀರು ಬಂದಿತ್ತು. ಪಾಸಾದ್ಯೋ ಇಲ್ವೋ?”

ನಡೆದದ್ದಿಷ್ಟೇ. ಸೊಸೆ ಮನೆಮನೆಗೆ ಹೋಗುವ ಹಿಂದಿನ ಸಂಜೆ ಅತ್ತೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹಾಕಿ ಬಂದಿದ್ದಳು. ಪರೀಕ್ಷೆ ಎಂದರೆ ಅತ್ತೆಗೆ ಗೊತ್ತಿದ್ದದ್ದು ಒಂದೇ: ಸರಿಯಾದ ಉತ್ತರ ಒಂದಿರುತ್ತದೆ, ಅದನ್ನು ಹೇಳಿದರೆ ಗೆದ್ದ ಹಾಗೆ. ಆರೋಗ್ಯದ ಪರೀಕ್ಷೆಗೆ ಸರಿಯಾದ ಉತ್ತರ ಆರೋಗ್ಯವಲ್ಲದೆ ಇನ್ನೇನು? ಬೀದಿಗೆ ಬೀದಿಯೇ ಈ ಹೆಣ್ಣುಮಗಳು ಪಾಸಾಗಲಿ ಎಂದು ಉಸಿರು ಬಿಗಿಹಿಡಿದು ಕೂತಿತ್ತು.

ಅತ್ತೆಯನ್ನು ಕೇಳಿದಾಗ ಅವಳು ಹೊಲಿಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ. “ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಗುಡಿಸಿ ಇಡಲ್ವೇನೇ? ನಾನು ಬೀದಿ ಗುಡಿಸಿಟ್ಟೆ, ಅಷ್ಟೇ,” ಎಂದಳು.

ಸೊಸೆಗೆ ಬೈಯಲು ಬಾಯಿ ಬರಲಿಲ್ಲ. ಸೊಸೆಯ ಪಾಲಿನ ಗಾದಿಗಳನ್ನೂ ಹೊಲಿದು ಹೊಲಿದು ಬೆರಳು ಒರಟಾದ ಹೆಂಗಸು ಅವಳು. ಆದರೆ ಗಾದಿ ಬೀದಿಯ ಉತ್ತರಗಳೆಲ್ಲ ಸುಳ್ಳಾಗಿದ್ದವು. ಒಪ್ಪಿಸುವ ದಿನ ಹತ್ತಿರವಿತ್ತು, ಇನ್ನೊಂದು ರಿಯಾಯಿತಿ ಸಿಗುವ ಹಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಪದವಿ ಕೈಗೆ ಬರುತ್ತದೆ. ಗಂಡ ಮೆಲ್ಲಗೆ ಅದನ್ನೇ ಹೇಳಿದ. ಅವನಿಗೂ ಹೆಂಡತಿ ಸೊರಗಿದ್ದು ನೋಡಲಾಗುತ್ತಿರಲಿಲ್ಲ. ಆದರೆ ಹಾಗೆ ಕೊಟ್ಟರೆ ಗಾದಿ ಬೀದಿಯಲ್ಲಿ ಕೆಮ್ಮೇ ಇಲ್ಲ ಎಂದು ಓದಿದವರ ಪುಸ್ತಕದಲ್ಲಿ ಅಚ್ಚಾಗುತ್ತದೆ. ನಾಳೆ ಯಾರೋ ಒಬ್ಬ ಮುದುಕ ಆಸ್ಪತ್ರೆಯಲ್ಲಿ ಕೂತು ಸೇದಿಲ್ಲ ಎಂದರೆ ಅವನನ್ನು ನಂಬಲು ಇನ್ನೂ ಒಂದು ಕಾರಣ ಕಡಿಮೆಯಾಗುತ್ತದೆ.

ಮಾರನೆಯ ದಿನ ಅವಳು ಮಾರ್ಗದರ್ಶಕಿ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಮೇಡಂ ಮಾತು ಕಡಿಮೆಯವರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಕ್ಕರೋ, ಕಣ್ಣೊರೆಸಿಕೊಂಡರೋ, ಸೊಸೆಗೆ ಇವತ್ತಿಗೂ ಖಾತ್ರಿಯಿಲ್ಲ. ನನ್ನ ಸರ್ವಿಸಿನಲ್ಲಿ ಸುಳ್ಳು ಉತ್ತರ ಬೇಕಾದಷ್ಟು ನೋಡಿದ್ದೇನೆ, ಪ್ರೀತಿಯಿಂದ ಹೇಳಿದ ಸುಳ್ಳಿಗೆ ಏನು ಮಾಡಬೇಕೆಂದು ಯಾವ ಪಾಠದಲ್ಲೂ ಬರೆದಿಲ್ಲ ಎಂದರಂತೆ. ಆಮೇಲೆ ತಾವೇ ವಿಭಾಗದ ಸಮಿತಿಯ ಮುಂದೆ ಹೋಗಿ ನಿಂತರು. ಆದ ತಪ್ಪನ್ನು ತಾನಾಗಿ ಬಂದು ಹೇಳಿದವಳಿಗೆ ನಿಯಮ ತೋರಿಸಿದರೆ ಮುಂದೆ ಯಾರೂ ಹೇಳುವುದಿಲ್ಲ ಎಂದು ವಾದಿಸಿದರು. ಸೆಮಿಸ್ಟರ್ ಮುಗಿಯುವವರೆಗೆ ಎಂದು ಸಮಿತಿ ಒಪ್ಪಿತು. ಕೆಲವೇ ವಾರ.

ಈ ಸಲ ಕೇಳುವವಳು ಬೀದಿಯ ಸೊಸೆಯಾಗಿರಬಾರದು ಎಂದರು ಮೇಡಂ. ಆ ಕೆಲಸಕ್ಕೆ ಉದ್ದನೆಯ ಹುಡುಗಿ ಮುಂದೆ ಬಂದಳು. ಅವಳ ಅಧ್ಯಯನದ ಮನೆಗಳಿಗೆ ಸೊಸೆ ಹೋಗುವುದು, ಇಲ್ಲಿಗೆ ಅವಳು ಬರುವುದು ಎಂದಾಯಿತು. ಪ್ರಶ್ನೆಯ ಜೊತೆಗೆ, ಎರಡೂ ಬೀದಿಯವರಿಗೆಂದು, ಒಂದು ಊದುವ ಕೊಳವೆಯನ್ನೂ ಕೊಟ್ಟರು. ಬಾಯಿಗಿಟ್ಟು ಜೋರಾಗಿ ಊದಿದರೆ ಒಳಗಿನ ಮುಳ್ಳು ಮುಂದೆ ಜಾರಿ, ಎದೆಯಲ್ಲಿ ಎಷ್ಟು ಕಸುವಿದೆ ಎಂದು ತೋರಿಸುತ್ತದೆ.

ಅತ್ತೆಗೆ ತನ್ನ ತಪ್ಪು ಈಗ ಅರ್ಥವಾಗಿತ್ತು. ಆದರೆ ಸುಮ್ಮನೆ ಕೂರುವ ಜೀವವಲ್ಲ ಅದು. ಮತ್ತೆ ಬೀದಿ ಸುತ್ತಿದಳು. ಈ ಸಲ, ಧಾರಾಳವಾಗಿ ಕೆಮ್ಮಿ ಎಂದು ಹೇಳಿ ಬಂದಳು. ಉದ್ದನೆಯ ಹುಡುಗಿ ಬೀದಿಗೆ ಕಾಲಿಟ್ಟಾಗ ಆರೋಗ್ಯವಾಗಿದ್ದ ಎಳೆಯರೂ ಎದೆ ಹಿಡಿದುಕೊಂಡು ಕೂತಿದ್ದರು. ದೊಡ್ಡಪ್ಪನ ಕೆಮ್ಮು ನೋಡಿ ಅವಳು ಗಾಬರಿಯಾಗಿ ನೀರು ತರಲು ಓಡಿದಳಂತೆ. ಕೊಳವೆ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಒಬ್ಬೊಬ್ಬರೂ ಮೂರು ಸಲ ಊದಬೇಕು. ಬೇಕೆಂದೇ ಮೆಲ್ಲಗೆ ಊದಿದವರ ಮೂರು ಊದು ಮೂರು ದಾರಿ ಹಿಡಿಯುತ್ತಿದ್ದವು. ನಿಜವಾಗಿ ಸೋತ ಎದೆಯವರದ್ದು ಮೂರು ಸಲವೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತಿತ್ತು. ಒಂದೆರಡು ದಿನದಲ್ಲಿ ನಾಟಕ ನಿಂತು, ನಿಜವಾದ ಮಾತು ಹೊರಬರತೊಡಗಿತು. ಹೊರಗಿನವಳಲ್ಲವೇ, ಮನೆಯವರಿಗೂ ಹೇಳದ್ದನ್ನು ಕೆಲವರು ಅವಳಿಗೆ ಹೇಳಿದರು.

ಎಲ್ಲ ಮನೆ ಮುಗಿದರೂ ಒಬ್ಬಳು ಉಳಿದಿದ್ದಳು. ಅತ್ತೆ ಒಂದು ದಿನ ಒಲೆಯ ಮೇಲೆ ಹಾಲಿದೆ ಎಂದಳು, ಮರುದಿನ ಗಿರಾಕಿ ಇದ್ದಾರೆ ಎಂದಳು, ಆಮೇಲೆ ಮಂಡಿ ಹಿಡಿದಿದೆ ಎಂದಳು. ಊದುವುದಕ್ಕೆ ಮಂಡಿ ಯಾಕೆ ಬೇಕು ಅಜ್ಜಿ ಎಂದು ಉದ್ದನೆಯ ಹುಡುಗಿ ಕೇಳಿದರೆ, ನಮ್ಮ ಕಾಲದಲ್ಲಿ ಹಾಗೇ ಎಂದಳಂತೆ. ಕೊನೆಯ ದಿನ ಸೊಸೆಯೇ ಅಂಗಡಿಯಲ್ಲಿ ಅವಳ ಎದುರು ಕೂತಳು. ಯಂತ್ರ ನಿಲ್ಲಿಸಿ ಗಂಡನೂ ಬಾಗಿಲಿಗೆ ಬಂದ. ಅತ್ತೆ ಹೊಲಿಗೆ ಬದಿಗಿಟ್ಟಳು.

“ಊದ್ತೀನಿ. ಆದ್ರೆ ಮುಳ್ಳು ಎಲ್ಲೇ ನಿಂತ್ರೂ ನೀನು ಓದು ಬಿಟ್ಟು ಬಂದು ಇಲ್ಲಿ ಕೂರಬಾರ್ದು. ಮಾತು ಕೊಡು.”

ಸೊಸೆಗೆ ಆಗ ಎಲ್ಲವೂ ಹೊಳೆಯಿತು. ಬೀದಿಯ ಕೆಮ್ಮನ್ನೆಲ್ಲ ಅತ್ತೆ ಮುಚ್ಚಿದ್ದು ಮಾರ್ಕಿಗಾಗಿ ಮಾತ್ರ ಅಲ್ಲ. ಒಂದು ಕೆಮ್ಮು ತನ್ನದೂ ಇತ್ತು. ಅದು ತಿಳಿದರೆ ಸೊಸೆ ಪುಸ್ತಕ ಮಡಚಿ ದಬ್ಬಳ ಹಿಡಿಯುತ್ತಾಳೆ ಎಂಬ ಭಯವಿತ್ತು. ಅವಳು ತಲೆಯಾಡಿಸಿದಳು. ಬಾಯಿಬಿಟ್ಟು ಹೇಳು ಎಂದಳು ಅತ್ತೆ. “ಓದು ಬಿಡಲ್ಲ ಅತ್ತೆ,” ಎಂದಳು ಸೊಸೆ.

ಅತ್ತೆ ಊದಿದಳು. ಮುಳ್ಳು ಸ್ವಲ್ಪವೇ ಕದಲಿ ನಿಂತಿತು. ಎರಡನೆಯ ಸಲವೂ ಅಲ್ಲೇ. ಮೂರನೆಯದಕ್ಕೆ ಕಣ್ಣು ಮುಚ್ಚಿ, ಎರಡೂ ಕೈ ನೆಲಕ್ಕೂರಿ ಊದಿದಳು. ಅಲ್ಲೇ. ಬೀದಿಯಲ್ಲಿ ಅಷ್ಟು ದೊಡ್ಡ ದನಿ ಇನ್ನೊಂದಿರಲಿಲ್ಲ, ಅದರ ಹಿಂದೆ ಇದ್ದ ಉಸಿರು ಇಷ್ಟೇ. ಉದ್ದನೆಯ ಹುಡುಗಿ ಅಂಕಿ ಬರೆದುಕೊಂಡಳು. ಗಂಡ ಒಳಗೆ ಹೋಗಿ ಯಂತ್ರದ ಮುಂದೆ ಸುಮ್ಮನೆ ನಿಂತ, ಶುರು ಮಾಡಲಿಲ್ಲ. ಕಷ್ಟ ನುಂಗಿ ನುಂಗಿ ಗಟ್ಟಿಯಾದ ಸೊಸೆ ಅವತ್ತು ಅತ್ತೆ ಅರ್ಧಕ್ಕೆ ಬಿಟ್ಟ ಗಾದಿ ಹೊಲಿದು ಮುಗಿಸಿದಳು. ಮರುದಿನ ಬಸ್ಸು ಹತ್ತಿ ತರಗತಿಗೆ ಹೋದಳು. ಕೊಟ್ಟ ಮಾತು ಅದಾಗಿತ್ತು.

ಪ್ರಬಂಧ ಈಗ ಒಪ್ಪಿತವಾಗಿದೆ. ಮೊದಲ ಸಲದ ಉತ್ತರಗಳನ್ನು ಅವಳು ಬಿಸಾಡಲಿಲ್ಲ. ಅವು ಯಾಕೆ ಹಾಗೆ ಬಂದವು ಎಂಬುದಕ್ಕೇ ಒಂದು ಅಧ್ಯಾಯವಿದೆ. ಗಾದಿ ಬೀದಿಯಲ್ಲಿ ಸಿಗರೇಟು ಮುಟ್ಟದವರ ಎದೆಯೂ ಪಾತ್ರೆ ಬೀದಿಯವರ ಎದೆಗಿಂತ ಬೇಗ ಸೋಲುತ್ತಿದೆ, ಯಂತ್ರಕ್ಕೆ ಹತ್ತಿರ ಕೂರುವವರದ್ದು ಇನ್ನೂ ಬೇಗ ಎಂದು ಅದರಲ್ಲಿ ಬರೆದಿದೆ. ಆರೋಗ್ಯ ಕೇಂದ್ರದ ನರ್ಸ್ ಒಂದು ಪ್ರತಿ ಕೇಳಿ ಪಡೆದರು. ಈಗ ಆ ಬೀದಿಯಿಂದ ಹೋದವರನ್ನು ಅಲ್ಲಿ ಮೊದಲು ಕೇಳುವುದು, ಏನು ಕೆಲಸ ಮಾಡುತ್ತೀರಿ ಎಂದು. ಕೆಲವು ಅಂಗಡಿಯವರು ಯಂತ್ರವನ್ನು ಹಿಂಗೋಡೆಗೆ ಸರಿಸಿ ಗಾಳಿ ಹೊರಗೆಳೆಯುವ ಫ್ಯಾನು ಹಾಕಿಸಿದ್ದಾರೆ. ಎಲ್ಲರೂ ಅಲ್ಲ. ದೊಡ್ಡಪ್ಪ ಇನ್ನೂ ನೋಡೋಣ ಎನ್ನುತ್ತಿದ್ದಾನೆ.

ಪ್ರಬಂಧದ ಮೊದಲ ಪುಟಗಳಲ್ಲಿ ಉಪಕಾರ ಸ್ಮರಿಸುವ ಜಾಗವಿದೆ. ಮೇಡಂ, ಸಮಿತಿ, ಉದ್ದನೆಯ ಹುಡುಗಿ, ಗಂಡ, ಮಗಳು ಎಲ್ಲರೂ ಅಲ್ಲಿದ್ದಾರೆ. ತಾನೆಲ್ಲಿ ಎಂದು ಅತ್ತೆ ಕೇಳಿದಳು. ಮೊಮ್ಮಗಳು ಓದಿ ತೋರಿಸಿದಳು: ನಾನು ಪಾಸಾಗಲೆಂದು ಉಸಿರು ಹಿಡಿದ ನನ್ನ ಬೀದಿಗೆ, ಆಮೇಲೆ ಅದನ್ನು ಬಿಟ್ಟುಕೊಟ್ಟ ನನ್ನ ಅತ್ತೆಗೆ. ಅತ್ತೆ ಅದನ್ನು ಎರಡು ಸಲ ಓದಿಸಿ, ಅಕ್ಷರ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು ಎಂದಳು.

ಈಗ ಅತ್ತೆ ಹತ್ತಿಯ ಹತ್ತಿರ ಹೋಗುವುದಿಲ್ಲ. ಬೀದಿ ಬದಿಯ ಕುರ್ಚಿಯಲ್ಲಿ ಕೂತು ಗಿರಾಕಿಗಳಿಗೆ ಬುದ್ಧಿ ಹೇಳುತ್ತಾಳೆ. ಔಷಧಿ ಎಳೆದುಕೊಳ್ಳುವ ಪಂಪು ಮಡಿಲಲ್ಲಿರುತ್ತದೆ. ವೈದ್ಯರು ಹೇಳಿದ ಪ್ರಕಾರ ಹೋದ ಕಸುವು ಪೂರ್ತಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. ಸೊಸೆ ಬೆಳಗಿನ ಕೆಲಸ ಬಿಟ್ಟಿಲ್ಲ. ಮಧ್ಯಾಹ್ನ ಆರೋಗ್ಯ ಕೇಂದ್ರದಲ್ಲಿ ತಾತ್ಕಾಲಿಕ ಕೆಲಸವೊಂದು ಸಿಗುವ ಮಾತಿದೆ. ಬಣ್ಣ ಹಾಕುವವರ ಕೇರಿಯಲ್ಲಿ ಮೈ ತುರಿಕೆ ಯಾಕೆ ಹೆಚ್ಚು ಎಂದು ನೋಡುವ ಆಸೆಯೂ ಇದೆ.

ಇಷ್ಟು ಓದಿ ಏನು ಸಿಕ್ಕಿತು ಎಂದು ಕೇಳಿದರೆ ಅವಳು ಪದವಿಯ ಮಾತೆತ್ತುವುದಿಲ್ಲ. ಗಾದಿಯ ಅಂಚು ಎಳೆದು ಗಂಟು ಬಿಗಿಯುತ್ತಾ, ಹೊರಗೆ ಕುರ್ಚಿಯ ಕಡೆ ಒಂದು ಸಲ ನೋಡುತ್ತಾಳೆ.

“ಮೊದಲೆಲ್ಲ ಅತ್ತೆ ಕೆಮ್ಮು ಬಂದ್ರೆ ಹಿತ್ತಲಿಗೆ ಹೋಗಿ ನಲ್ಲಿ ಬಿಡ್ತಿದ್ರಂತೆ, ಸದ್ದು ಕೇಳಬಾರ್ದು ಅಂತ. ನೀರು ಯಾಕೆ ಸುಮ್ನೆ ಹರಿಸ್ತಾರೆ ಅಂತ ನಾನು ಗೊಣಗಿದ್ದೂ ಇದೆ,” ಎನ್ನುತ್ತಾಳೆ. “ಈಗ ನನ್ನ ಎದುರಿಗೇ ಕೆಮ್ತಾರೆ. ಕೆಮ್ಮಿ, ಬರ್ಕೊಂಡ್ಯೇನೇ ಅಂತ ಕೇಳ್ತಾರೆ.”